ಎಮಿಲ್ ಭಾವನ ತುತ್ತೂರಿ

ನಮ್ಮ ಊರು ನೀಡರ್‌ಮೂಸ್‌ನಲ್ಲಿ ಅತಿ ಎತ್ತರದ ಜಾಗವೆಂದರೆ ಚರ್ಚಿನ ಗಂಟೆ ತೂಗುಹಾಕಿರುವ ಅಟ್ಟ. ನನ್ನ ಭಾವ ಎಮಿಲ್ ಅಲ್ಲಿಗೂ ಹತ್ತಿದವನಲ್ಲ. ಸ್ನಾನದ ಮನೆಯ ಸಾಮಾನು ಮಾರುವ ಅವನ ಅಂಗಡಿಯಲ್ಲಿ ಗಿರಾಕಿಗಳು ಮೇಲಿನ ಸಾಲಿನ ನಲ್ಲಿ ಕೇಳಿದರೆ, "ಅದು ಬೇಡ ಬಿಡಿ, ಸೋರುತ್ತೆ" ಎಂದು ಕೆಳಗಿನ ಸಾಲಿನದನ್ನೇ ಕಟ್ಟಿಕೊಡುತ್ತಿದ್ದ. ಏಣಿಯ ಎರಡನೇ ಮೆಟ್ಟಿಲಿಗೇ ಅವನಿಗೆ ತಲೆ ಸುತ್ತು ಬರುತ್ತಿತ್ತು. ಇಂಥ ಮಹಾನುಭಾವನನ್ನು ನಮ್ಮ ಹಳೆ ಕಾರುಗಳ ಸಂಘ ಬೆಟ್ಟದ ಪ್ರವಾಸಕ್ಕೆ ಮುಂದಾಳಾಗಿ ಆರಿಸಿತು. ಆರಿಸಿದ ಹದಿನೇಳು ಜನರಲ್ಲಿ ನಾನೂ ಒಬ್ಬ, ತಪ್ಪು ಒಪ್ಪಿಕೊಳ್ಳುತ್ತೇನೆ.

ಆದದ್ದು ಇಷ್ಟೆ. ಸಭೆಯಲ್ಲಿ ಹಲ್ಲಿನ ಡಾಕ್ಟರು ಎಗ್ಲಿ ಎದ್ದು ನಿಂತು, "ವಲ್‌ಸೀರ ಘಾಟಿ ನಾನು ನಾಲ್ಕು ಸಲ ದಾಟಿದೀನಿ, ನಾನೇ ಮುಂದೆ ಹೋಗ್ತೀನಿ" ಎಂದರು. ಆ ಡಾಕ್ಟರನ್ನು ಕಂಡರೆ ಭಾವನಿಗೆ ಆಗದು. ಹಿಂದೊಮ್ಮೆ ಅವರು ಇವನ ಚೆನ್ನಾಗಿದ್ದ ಹಲ್ಲನ್ನು ಕಿತ್ತು, ನೋಯುತ್ತಿದ್ದದ್ದನ್ನು ಹಾಗೇ ಬಿಟ್ಟಿದ್ದರು. ಭಾವ ಮೇಜು ಕುಟ್ಟಿದ.

"ನಾಲ್ಕು ಸಲ ಅಂತೆ! ನಮ್ಮ ತಾತ ಮೂವತ್ತು ವರ್ಷ ಅದೇ ಘಾಟಿನಲ್ಲಿ ಹಳದಿ ಬಸ್ಸು ಓಡಿಸಿದವರು ಕಣ್ರೀ. ನನಗೆ ಅದು ರಕ್ತದಲ್ಲೇ ಇದೆ."

ಸಭೆ ಚಪ್ಪಾಳೆ ತಟ್ಟಿತು. ನನ್ನ ಅಕ್ಕ ವ್ರೇನಿ ಮಾತ್ರ ಗಂಡನ ಮುಖವನ್ನೇ ನೋಡುತ್ತಾ ಚಪ್ಪಾಳೆ ಮರೆತು ಕೂತಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಆ ಬಸ್ಸಿನ ಸುದ್ದಿಯನ್ನು ಕೇಳಿದ್ದು ಅದೇ ಮೊದಲು.

ಹೊರಡುವ ಹಿಂದಿನ ಭಾನುವಾರ ಭಾವನ ಮನೆಗೆ ಹೋದೆ. ಅವನು ತನ್ನ ಹಳದಿ ಓಪೆಲ್ ಕಾರಿನ ಕೆಳಗೆ ಮಲಗಿ ಹಿತ್ತಾಳೆಯ ಮೂರು ಕೊಳವೆಗಳನ್ನು ತಿರುಪು ಹಾಕಿ ಕೂರಿಸುತ್ತಿದ್ದ. ಅದು ಬೆಟ್ಟದ ಬಸ್ಸಿನ ತುತ್ತೂರಿ! ಕಡಿದಾದ ತಿರುವಿಗೆ ಮೊದಲು ಹಳದಿ ಬಸ್ಸು "ತೂ-ತಾ-ತೋ" ಎಂದು ಊದಿದರೆ ಎದುರಿಗೆ ಬರುವವರು ಯಾರೇ ಆಗಲಿ ದಾರಿ ಬಿಡಬೇಕು. ಬಸ್ಸಿನ ಚಾಲಕರು ಹಿಂದಕ್ಕೆ ಅಂದರೆ ಹಿಂದಕ್ಕೆ, ಪಕ್ಕಕ್ಕೆ ಅಂದರೆ ಪಕ್ಕಕ್ಕೆ. ಕಾನೂನಿನಲ್ಲೇ ಹಾಗೆ ಬರೆದಿದೆ. ಆ ಮೂರು ಸ್ವರ ಬಸ್ಸಿನದು, ಬೇರೆ ಯಾರೂ ಊದುವಂತಿಲ್ಲ.

"ಭಾವ, ಇದನ್ನ ನೀನು ಹಾಕ್ಕೊಳ್ಳೋ ಹಾಗಿಲ್ಲ. ಪೊಲೀಸ್ರು ಹಿಡೀತಾರೆ!"

"ತಾತನ ಆಸ್ತಿ ಕಣೋ ವೆಂಡೆಲ್" ಎಂದ, ಕಾರಿನಡಿಯಿಂದಲೇ.

"ತಾತನ ಆಸ್ತಿ ಸಂತೆ ಮೈದಾನದ ಹಳೆ ಸಾಮಾನಿನ ಅಂಗಡಿಯಲ್ಲಿತ್ತು, ಶನಿವಾರ ತಂದ್ರು" ಎಂದು ಅಕ್ಕ ಕಿಟಕಿಯಿಂದ ಕೂಗಿದಳು.

ಎಂಟು ಕಾರು, ಹದಿನೇಳು ಜನ ಹೊರಟೆವು. ನಮ್ಮ ಕಾರಿನಲ್ಲಿ ಮೂವರು: ಭಾವ ಚಕ್ರ ಹಿಡಿದು, ನಾನು ನಕ್ಷೆ ಹಿಡಿದು, ಅಕ್ಕ ಹಿಂದೆ ಬೇಯಿಸಿದ ಮೊಟ್ಟೆಯ ಡಬ್ಬಿ ಹಿಡಿದು. ಬಯಲು ಮುಗಿಯುವ ತನಕ ಭಾವ ಹಾಡುತ್ತಿದ್ದ. ಮೊದಲ ತಿರುವಿನಲ್ಲಿ ಹಾಡು ನಿಂತಿತು. ಮೂರನೆಯ ತಿರುವಿನಲ್ಲಿ ಉಸಿರೂ ನಿಂತಿತೇನೋ ಎಂದು ನಾನು ಹೆದರಿದೆ. ಬಲಗಡೆ ಕೆಳಗೆ ಒಂದು ಊರು ಪೂರ್ತಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

"ವೆಂಡೆಲ್, ಬಲಗಡೆ ಏನಿದೆ?"

"ಏನೂ ಇಲ್ಲ ಭಾವ."

"ಅದೇ ಕಣೋ ನಾನು ಕೇಳಿದ್ದು! ಏನೂ ಇಲ್ಲ ಅಂದ್ರೆ ಎಷ್ಟು ದೂರ ಏನೂ ಇಲ್ಲ?"

ಆಮೇಲೆ ಭಾವ ರಸ್ತೆಯ ನಟ್ಟನಡುವೆ ಕಾರು ತಂದು, ತುತ್ತೂರಿ ಊದಿ, ಕಣ್ಣನ್ನು ಮುಂದಿನ ಹತ್ತು ಅಡಿಯಿಂದ ಎತ್ತದೆ ಹೊರಟ. ತುತ್ತೂರಿಯ ನಿಜವಾದ ಕಾರಣ ನನಗೆ ಆಗ ಹೊಳೆಯಿತು. ಅವನಿಗೆ ಅಂಚಿಗೆ ಸರಿಯುವ ಧೈರ್ಯವಿಲ್ಲ, ಹಾಗಾಗಿ ಇಡೀ ಬೆಟ್ಟವೇ ಅಂಚಿಗೆ ಸರಿಯಬೇಕು.

ಸರಿಯಿತು ಕೂಡ! ತೂ-ತಾ-ತೋ ಕೇಳಿದ್ದೇ ತಡ, ಎದುರಿನ ಕಾರುಗಳು ಹಿಂದೆ ಹಿಂದೆ ಸರಿದು ಬಂಡೆಗೆ ಅಂಟಿಕೊಂಡವು. ಮನೆಯಂಥ ಗಾಡಿ ಎಳೆದುಕೊಂಡು ಬಂದಿದ್ದ ಒಬ್ಬ ಹಾಲೆಂಡಿನವನು ಇನ್ನೂರು ಗಜ ಹಿಂದಕ್ಕೆ ಹೋದ. ಅವನ ಹೆಂಡತಿ ಕೆಳಗಿಳಿದು ಎರಡು ಕೈಯಲ್ಲಿ ಸನ್ನೆ ಮಾಡುತ್ತಿದ್ದಳು. ಕುರಿ ಕಾಯುವವನು ನೂರು ಕುರಿಗಳನ್ನು ರಸ್ತೆಯಿಂದ ಮೇಲೆ ಹತ್ತಿಸಿ, ಟೋಪಿ ತೆಗೆದು ಬಸ್ಸಿಗೆ ಕಾದ. ತಿರುವಿನಿಂದ ನಮ್ಮ ಓಪೆಲ್ ಬಂದದ್ದು ಕಂಡು ಟೋಪಿಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಬಾಯಿ ತೆರೆದು ನಿಂತ. ಎಂಟನೇ ಕಾರು ದಾಟುವ ತನಕ ಅವನ ಬಾಯಿ ಮುಚ್ಚಲಿಲ್ಲವಂತೆ, ಡಾಕ್ಟರು ಎಗ್ಲಿ ನೋಡಿದರಂತೆ.

"ಎಮಿಲ್, ಇದಕ್ಕೆ ಪರವಾನಗಿ ಇದೆಯೇನ್ರೀ?" ಎಂದು ವಾಕಿ-ಟಾಕಿಯಲ್ಲಿ ಎಗ್ಲಿಯ ದನಿ ಗೊರಗೊರ ಕೇಳಿಸಿತು.

"ವಂಶದ ಹಕ್ಕು ರೀ!" ಎಂದು ಭಾವ ಕಿರುಚಿದ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಘಾಟಿಯ ತುದಿ ದಾಟಿ ಆಚೆ ಇಳಿದೆವು. ಇಳಿಜಾರಿನಲ್ಲಿ ಸಿಗುವ ಮೊದಲ ಊರು ಸೂರ್‌ಕ್ರೆಸ್ಟಾ. ಊರೆಂದರೆ ಐದು ಮನೆ, ಒಂದು ನೀರಿನ ತೊಟ್ಟಿ, ಒಂದು ಬಸ್ ನಿಲ್ದಾಣದ ಫಲಕ. ತಿರುವಿನಲ್ಲಿ ಭಾವ ವಾಡಿಕೆಯಂತೆ ಊದಿದ. ಊದಿದ್ದೇ ಊದಿದ್ದು, ಐದೂ ಮನೆಯ ಬಾಗಿಲು ಒಟ್ಟಿಗೆ ತೆರೆದವು. ಕೋಟು, ಟೋಪಿ, ಕೈಚೀಲ ಸಮೇತ ಒಂಬತ್ತು ಜನ ಓಡೋಡಿ ಬಂದು ರಸ್ತೆಗೆ ಅಡ್ಡ ನಿಂತರು. ಒಬ್ಬನ ಅರ್ಧ ಮುಖದಲ್ಲಿ ಇನ್ನೂ ಸೋಪಿನ ನೊರೆ ಇತ್ತು. ಭಾವ ಬ್ರೇಕು ಒತ್ತಿದ, ಹಿಂದಿನ ಏಳು ಕಾರೂ ಕಿರ್ರೆಂದು ನಿಂತವು.

ಮುಂದಿದ್ದವಳು ಎಂಬತ್ತು ದಾಟಿದ ಒಬ್ಬ ಅಜ್ಜಿ. ಆಮೇಲೆ ಗೊತ್ತಾಯಿತು, ಹೆಸರು ಬಾರ್ಲಾ. ಆಕೆ ಗಡಿಯಾರ ನೋಡಿದಳು, ಕಾರು ನೋಡಿದಳು, ಸೊಂಟದ ಮೇಲೆ ಕೈಯಿಟ್ಟಳು.

"ಅರ್ಧ ಗಂಟೆ ಮುಂಚೆ! ನಲವತ್ತು ವರ್ಷದಲ್ಲಿ ಬಸ್ಸು ಮುಂಚೆ ಬಂದಿದ್ದು ಇದೇ ಮೊದಲು. ಏನಪ್ಪಾ, ನಿಮ್ಮ ಕಚೇರಿಯಲ್ಲಿ ಗಡಿಯಾರನೂ ಮಾರ್ಕೊಂಡ್ರಾ?"

ಭಾವ ಬಾಯಿ ತೆರೆದ. ವಾಕಿ-ಟಾಕಿಯಲ್ಲಿ ಎಗ್ಲಿ "ಏನಾಯ್ತು? ಏನಾಯ್ತು?" ಎಂದು ಬಡಕೊಳ್ಳುತ್ತಿದ್ದರು.

"ವರ್ಷ ವರ್ಷ ಬಸ್ಸು ಚಿಕ್ಕದು ಮಾಡ್ಕೊಂಡು ಬಂದ್ರಿ" ಎಂದು ಅಜ್ಜಿ ನಮ್ಮ ಓಪೆಲ್ಲಿನ ಬಾಗಿಲು ತೆರೆದಳು. "ಕೊನೆಗೆ ಇಷ್ಟಕ್ಕೆ ಬಂತಾ? ಏ, ಎಲ್ಲರೂ ಬನ್ರೋ! ದೊಡ್ಡ ಬಸ್ಸು ಕಳ್ಸಿ ಅಂತ ಫೋನ್ ಮಾಡಿದ್ದಕ್ಕೆ ಚಿಕ್ಕವು ಎಂಟು ಕಳಿಸಿದಾರೆ. ಹತ್ತಿ, ಹತ್ತಿ, ಮುಖ ನೋಡ್ತಾ ನಿಲ್ಲಬೇಡಿ!"

"ಅಜ್ಜೀ, ಇದು ಬಸ್ಸಲ್ಲ..." ಎಂದು ನಾನು ಶುರುಮಾಡಿದೆ.

"ಬಸ್ಸಲ್ಲದಿದ್ರೆ ಆ ತುತ್ತೂರಿ ಯಾರು ಊದ್ತಾರಪ್ಪಾ, ನಿಮ್ಮಜ್ಜನಾ?"

ಪಾಪ, ಆಕೆಗೆ ಹೇಗೆ ಗೊತ್ತಾಗಬೇಕು! ಆ ಬೆಟ್ಟದ ಜನ ಕಣ್ಣು ಸುಳ್ಳು ಹೇಳಬಹುದೆಂದು ನಂಬುತ್ತಾರೆ, ತುತ್ತೂರಿ ಸುಳ್ಳು ಹೇಳಬಹುದೆಂದು ನಂಬಲಾರರು. ಭಾವನೂ ಅಜ್ಜಿಗೆ ನಿಜ ಹೇಳಲಿಲ್ಲ. ಹೇಳಿದರೆ ಎಗ್ಲಿ ಕೇಳಿಸಿಕೊಳ್ಳುತ್ತಾರಲ್ಲ. ಆಕೆ ಚಾಚಿದ ವರ್ಷದ ಪಾಸನ್ನು ಗಂಭೀರವಾಗಿ ನೋಡಿ, "ಸರಿಯಾಗಿದೆ" ಎಂದು ಹಿಂದಿರುಗಿಸಿದ. ಅಕ್ಕ ಮೊಟ್ಟೆ ಗಂಟಲಿಗೆ ಸಿಕ್ಕಿ ಕೆಮ್ಮಿದಳು. ಉಳಿದ ಎಂಟು ಜನ ಹಿಂದಿನ ಕಾರುಗಳ ಬಾಗಿಲು ತಾವೇ ತೆಗೆದು, ನಮ್ಮ ಸಂಘದವರ ಪಕ್ಕ ಒತ್ತಿಕೊಂಡು ಕೂತರು. ನೊರೆಯವನು ಒಂದು ಚಕ್ರದಷ್ಟು ಚೀಸನ್ನು ಎಗ್ಲಿಯ ತೊಡೆಯ ಮೇಲೆ ಇಟ್ಟನಂತೆ.

ದಾರಿಯಲ್ಲಿ ಅಕ್ಕ ಅಜ್ಜಿಗೆ ಮೊಟ್ಟೆ ಕೊಟ್ಟು, "ಊರಿಗೆ ಊರೇ ಎಲ್ಲಿಗೆ ಹೊರಟಿದೀರಿ?" ಎಂದು ಕೇಳಿದಳು.

"ಎಲ್ಲಿಗೂ ಇಲ್ಲಮ್ಮ. ಕೆಳಗೆ ಪ್ರಾದಾಕ್ಕೆ ಹೋಗಿ, ಒಂದು ಕಾಫಿ ಕುಡಿದು, ವಾಪಸ್ ಬರೋದು. ಇವತ್ತು ಎಣಿಕೆ ಅಲ್ವಾ! ಹನ್ನೊಂದು ನಲವತ್ತರ ಬಸ್ಸಿಗೆ ನಮ್ಮ ನಿಲ್ದಾಣದಲ್ಲಿ ಹನ್ನೆರಡು ಜನ ಹತ್ತಿದ್ರೆ ಬಸ್ಸು ಉಳಿಯುತ್ತೆ, ಇಲ್ಲದಿದ್ರೆ ಚಳಿಗಾಲದಿಂದ ಬಂದ್. ಎಣಿಸೋ ಸಾಹೇಬ್ರು ಬಸ್ಸಲ್ಲೇ ಬರ್ತಾರೆ ಅಂದಿದ್ರು." ಅಜ್ಜಿ ಕಾರಿನೊಳಗೆ ಸುತ್ತ ನೋಡಿ ನನ್ನ ಭುಜ ತಟ್ಟಿದಳು. "ನೀವೇ ಏನಪ್ಪಾ ಸಾಹೇಬ್ರು? ಬರ್ಕೊಳಿ. ನಾವು ಇರೋದೇ ಒಂಬತ್ತು. ಪಕ್ಕದ ಕಣಿವೆಯ ನನ್ನ ತಂಗಿ ಮಕ್ಕಳು ಮೂವರು ಬರ್ತೀವಿ ಅಂದಿದ್ರು, ಹಾಳಾದೋರು ಬರಲಿಲ್ಲ. ಆ ಮೂರು ಹೆಂಗಾದ್ರೂ ಅಡ್ಜಸ್ಟ್ ಮಾಡಿ."

ನನ್ನ ಕೈಯಿಂದ ನಕ್ಷೆ ಜಾರಿತು. ಭಾವನ ಕಿವಿ ಬೆಳ್ಳಗಾಗಿದ್ದು ನಾನು ಕಣ್ಣಾರೆ ಕಂಡೆ. ಒಂದು ಊರಿನ ಬಸ್ಸು ಉಳಿಯಬೇಕಾದ ದಿನ, ಆ ಬಸ್ಸಿನ ಪ್ರಯಾಣಿಕರನ್ನೆಲ್ಲ ನಾವು ಕದ್ದುಕೊಂಡು ಹೊರಟಿದ್ದೆವು.

"ರೀ, ಈಗಲೇ ನಿಲ್ಲಿಸಿ, ಇವರನ್ನ ವಾಪಸ್ ಬಿಡಿ" ಎಂದು ಅಕ್ಕ ಪಿಸುಗುಟ್ಟಿದಳು.

"ತಿರುಗಿಸೋಕೆ ಜಾಗ ಎಲ್ಲೇ ಇದೆ?" ಎಂದು ಭಾವ ಹಲ್ಲು ಕಚ್ಚಿದ. ಮುಂದೆ ತಿರುವು ಬಂತು. ಅಭ್ಯಾಸಬಲ, ಊದಿಬಿಟ್ಟ. ತೂ-ತಾ-ತೋ.

ಕೆಳಗಿನಿಂದ ಉತ್ತರ ಬಂತು. ತೂ-ತಾ-ತೋ!

ಅಂಥ ಸದ್ದು ಆ ಬೆಟ್ಟ ಎಂದೂ ಕೇಳಿರಲಾರದು. ಬಸ್ಸು ಊದಿದರೆ ಮರುಸದ್ದು ಕೊಡುವುದು ಬಂಡೆ, ಇನ್ನೊಂದು ಬಸ್ಸಲ್ಲ. ತಿರುವಿನಲ್ಲಿ ಹಳದಿ ಮೂತಿ ಕಾಣಿಸಿತು. ನಮ್ಮ ಓಪೆಲ್ಲಿಗೂ ಬಸ್ಸಿಗೂ ನಡುವೆ ಒಂದು ಮೊಳ ಜಾಗ ಉಳಿಯಿತು.

ಬಸ್ಸಿನಿಂದ ಇಳಿದವಳು ಮೆಂಗಿಯಾ, ಅದರ ಚಾಲಕಿ. ಅಗಲ ಭುಜ, ಮಡಚಿದ ಅಂಗಿತೋಳು, ಕೈಯಲ್ಲಿ ಅರ್ಧ ತಿಂದ ಸಾಸೇಜು. ಆಕೆ ಓಪೆಲ್ಲಿನ ಮುಂದೆ ಬಗ್ಗಿ ಹಿತ್ತಾಳೆಯ ಮೂರು ಕೊಳವೆ ನೋಡಿದಳು. ಸಾಸೇಜು ಕೆಳಗೆ ಬಿತ್ತು.

"ಹದಿನೆಂಟು ವರ್ಷ ಈ ದಾರಿಯಲ್ಲಿ ಒಬ್ಬಳೇ ಊದಿದೀನಿ. ಈಗ ತಾನೇ ಆ ಸದ್ದು ಕೇಳಿ ನಾನು ಸತ್ತೇ ಹೋದೆ, ನನ್ನ ಬದಲಿಗೆ ಬೇರೆ ಯಾರೋ ಬಂದಿದಾರೆ ಅಂದ್ಕೊಂಡೆ ಕಣ್ರೀ!"

ಅವಳ ಹಿಂದೆ ಜೇಬಿನ ಹೊಲಿಗೆ ಇನ್ನೂ ಬಿಚ್ಚದ ಹೊಸ ಕೋಟಿನ, ಹಲಗೆಗೆ ಕಾಗದ ಸಿಕ್ಕಿಸಿಕೊಂಡ ಒಬ್ಬರು ಇಳಿದರು. ಅವರೇ ಎಣಿಕೆಯ ಸಾಹೇಬರು, ಹೆಸರು ಸ್ಪ್ರೆಖರ್. ಬಾರ್ಲಾ ಅಜ್ಜಿ ಅವರನ್ನು ನೋಡಿದಳು, ನಿಜವಾದ ಬಸ್ಸನ್ನು ನೋಡಿದಳು, ತನ್ನ ಕೈಯಲ್ಲಿದ್ದ ಮೊಟ್ಟೆಯನ್ನು ನೋಡಿದಳು.

"ಹಾಗಾದ್ರೆ ನಾನು ಕೂತಿದ್ದು ಯಾರ ಬಸ್ಸಲ್ಲಿ?"

ಭಾವ ಚಕ್ರ ಬಿಟ್ಟು ಮುಖ ಮುಚ್ಚಿಕೊಂಡ.

"ಎಣಿಕೆ ಹನ್ನೊಂದು ನಲವತ್ತಕ್ಕೆ, ಸೂರ್‌ಕ್ರೆಸ್ಟಾ ನಿಲ್ದಾಣದಲ್ಲಿ" ಎಂದರು ಸ್ಪ್ರೆಖರ್, ಗಡಿಯಾರ ನೋಡುತ್ತಾ. "ಈಗ ಹನ್ನೊಂದು ಇಪ್ಪತ್ತು. ಬಸ್ಸು ಅಷ್ಟರೊಳಗೆ ಅಲ್ಲಿಗೆ ಹೋಗದಿದ್ರೆ ಸೊನ್ನೆ ಅಂತ ಬರೀತೀನಿ. ನನ್ನ ಕೈಲಿಲ್ಲ, ನಮೂನೆಯಲ್ಲಿ ಹಾಗಿದೆ."

"ಸರಿ" ಎಂದು ಮೆಂಗಿಯಾ ಎರಡು ಕೈ ಕೊಡವಿ ನಮ್ಮ ಕಡೆ ತಿರುಗಿದಳು. "ಎಂಟು ಕಾರೂ ಹಿಂದಕ್ಕೆ. ಊರಿನ ತನಕ. ಕಾನೂನು ಗೊತ್ತಲ್ಲ, ಇಲ್ಲಿ ನಾನು ಹೇಳಿದ್ದೇ ಕೊನೆ. ಹಿಂದಕ್ಕೆ!"

ಹಿಂದಕ್ಕೆ ಎಂದರೆ ಏರುದಾರಿ, ಆರು ತಿರುವು, ಪಕ್ಕದಲ್ಲಿ ಆ "ಏನೂ ಇಲ್ಲ". ವಾಕಿ-ಟಾಕಿಯಲ್ಲಿ ಒಬ್ಬೊಬ್ಬರೇ "ಅಯ್ಯೋ" ಎನ್ನತೊಡಗಿದರು. ನಾಲ್ಕು ಸಲ ದಾಟಿದ ಎಗ್ಲಿ ಎಲ್ಲರಿಗಿಂತ ಜೋರಾಗಿ ಅಯ್ಯೋ ಎಂದರು. ಭಾವ ಗೇರಿನ ಹಿಡಿಯನ್ನೇ ನೋಡುತ್ತಾ ಕೂತಿದ್ದ.

"ವ್ರೇನಿ, ನನಗೆ ಹಿಂದೆ ತಗೊಳ್ಳೋಕೆ ಬರಲ್ಲ" ಎಂದ, ಚಿಕ್ಕ ದನಿಯಲ್ಲಿ.

"ಏನು?"

"ಇಪ್ಪತ್ತಾರು ವರ್ಷದಿಂದ ಅದಕ್ಕೇ ಕಣೇ ಕಾರನ್ನ ಬೀದಿಯ ತುದಿಯಲ್ಲಿ ನಿಲ್ಲಿಸೋದು. ತಾತ ಬಸ್ಸು ಓಡಿಸಲಿಲ್ಲ. ಬಸ್ಸು ತೊಳೀತಿದ್ರು."

ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಅವಳು ಬಯ್ಯಲಿಲ್ಲ ಎಂಬುದೇ ನನಗೆ ದೊಡ್ಡ ಆಘಾತ. ಅಷ್ಟರಲ್ಲಿ ಬಾರ್ಲಾ ಅಜ್ಜಿ ಭಾವನ ಕಡೆಯ ಬಾಗಿಲು ತೆರೆದಳು.

"ಇಳಿಯಪ್ಪಾ."

"ಅಜ್ಜೀ, ನಿಮಗೆ ಓಡಿಸೋಕೆ..."

"ನಲವತ್ತು ವರ್ಷ ಇದೇ ದಾರಿಯಲ್ಲಿ ಹಾಲಿನ ಲಾರಿ ಓಡಿಸಿದೀನಿ. ಹಿಮದಲ್ಲಿ. ಇಳಿ ಅಂದ್ನಲ್ಲ!"

"ಓಡಿಸೋಕೆ ಬಂದ್ರೂ ಪಾಸು ಮಾಡಿಸಿ ಯಾಕೆ ಬಸ್ಸಲ್ಲಿ ಹೋಗ್ತೀರಿ?" ಎಂದು ನಾನು ಕೇಳಿದೆ. ಕೇಳಬಾರದಿತ್ತು.

ಅಜ್ಜಿ ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಸರಿಮಾಡಿ ಹೇಳಿದಳು: "ಏಳು ವರ್ಷದ ಹಿಂದೆ ಕಾರು ಮಾರಿದೆ. ಈ ಊರಲ್ಲಿ ಹತ್ತೋರು ಯಾರೂ ಇಲ್ಲ ಅಂತ ಬರೆದಿದ್ರು. ಹತ್ತೋರು ಒಬ್ಬರಾದ್ರೂ ಇರಲಿ ಅಂತ ನಾನು ಹತ್ತಿದೆ. ದಿನಾ. ಒಂದು ಕಾಫಿ, ವಾಪಸ್. ಪ್ರಾದಾದ ಆ ಕಾಫಿ ಎಷ್ಟು ಕೆಟ್ಟದಾಗಿರುತ್ತೆ ಅಂತ ನಿನಗೆ ಗೊತ್ತಿಲ್ಲ ಮಗಾ."

ನನಗೆ ನಾಚಿಕೆಯಾಯಿತು. ಭಾವನ ಕಣ್ಣಲ್ಲಿ ನೀರಿತ್ತು, ಅದು ಎತ್ತರಕ್ಕೆ ಬಂದದ್ದಲ್ಲ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಸೂರ್‌ಕ್ರೆಸ್ಟಾದ ಮುದುಕ ಮುದುಕಿಯರು ನಮ್ಮ ಸಂಘದವರನ್ನೆಲ್ಲ ಕಾರಿನಿಂದ ಇಳಿಸಿದರು. ತಾವು ಕೂತರು. ತುದಿಯ ಕಾರಿನಿಂದ ಶುರುವಾಗಿ ಎಂಟೂ ಕಾರುಗಳು ಬೆನ್ನು ಮುಂದಾಗಿ ಬೆಟ್ಟ ಏರಿದವು. ಒಬ್ಬ ಮಾತ್ರ ನಡೆದುಕೊಂಡು ಮುಂದೆ ಹೋಗಿ "ಬಾ, ಬಾ, ಇನ್ನೂ ಬಾ" ಎನ್ನುತ್ತಿದ್ದ. ಅವನೇ ನೊರೆಯವನು, ನೊರೆ ಒಣಗಿ ಹಿಟ್ಟಾಗಿತ್ತು. ಕಾರುಗಳ ಮೂತಿಗೆ ಮೂತಿ ತಾಗಿಸಿ ಮೆಂಗಿಯಾಳ ಬಸ್ಸು. ಅದರ ಹಿಂದೆ, ಅಂದದ ಕೋಟು ತೊಟ್ಟ ನಾವು ಹದಿನೇಳು ಜನ ಏದುಸಿರು ಬಿಡುತ್ತಾ ಓಟ. ಎಗ್ಲಿ ಚೀಸಿನ ಚಕ್ರವನ್ನು ತಬ್ಬಿಕೊಂಡೇ ಓಡುತ್ತಿದ್ದರು, ಅದನ್ನು ಕೆಳಗಿಡಲು ಅವರಿಗೆ ತೋಚಲಿಲ್ಲ.

ಹನ್ನೊಂದು ಮೂವತ್ತೆಂಟಕ್ಕೆ ಬಸ್ಸು ನಿಲ್ದಾಣದ ಮುಂದೆ ಕೆಳಮುಖವಾಗಿ ತಿರುಗಿ ನಿಂತಿತು. ಊರಿನ ಒಂಬತ್ತೂ ಜನ ಕಾರುಗಳಿಂದ ಇಳಿದು, ಬಟ್ಟೆ ಸರಿಮಾಡಿಕೊಂಡು, ಸಾಲಾಗಿ ಬಸ್ಸು ಹತ್ತಿದರು. ಬಾರ್ಲಾ ಅಜ್ಜಿ ಕೊನೆಯವಳು. ಸ್ಪ್ರೆಖರ್ ಒಂದೊಂದೇ ಗೀಟು ಹಾಕಿದರು.

"ಒಂಬತ್ತು" ಎಂದರು. ಪೆನ್ನಿನ ತುದಿಯಿಂದ ಗೀಟುಗಳನ್ನು ಇನ್ನೊಮ್ಮೆ ಎಣಿಸಿದರು. "ಮೂರು ಕಡಿಮೆ. ಏನು ಮಾಡಲಿ ಅಜ್ಜೀ, ನಿಮ್ಮ ಮುಖ ನೋಡಿ ಹನ್ನೆರಡು ಅಂತ ಬರೆಯೋಕಾಗಲ್ಲ."

ಅಜ್ಜಿ ತನ್ನ ಜಾಗದಲ್ಲಿ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಾಚೆ ತನ್ನ ಮನೆಯನ್ನು ನೋಡಿದಳು.

ಮೆಂಗಿಯಾ ಬಸ್ಸಿನ ಮೆಟ್ಟಿಲಿಗೆ ಬಂದು ನಿಂತು ಭಾವನ ಕಡೆ ಬೆರಳು ತೋರಿಸಿದಳು. "ಏನ್ರೀ ತುತ್ತೂರಿ! ಆ ಹಳದಿ ಕಾರು ನಿಮ್ಮದಲ್ವಾ? ಪಕ್ಕಕ್ಕೆ ನಿಲ್ಲಿಸಿ ಬಸ್ಸು ಹತ್ತಿ."

"ನಾನಾ?"

"ನೀವು, ನಿಮ್ಮ ಹೆಂಡತಿ, ಆ ನಕ್ಷೆಯವರು. ಆಮೇಲೆ ಉಳಿದೋರೂ. ಕಾರಿನವರು ಬಸ್ಸಿನ ಚಾಲಕರ ಮಾತು ಕೇಳಲೇಬೇಕು. ಕೇಳದಿದ್ರೆ ಆ ಹಿತ್ತಾಳೆ ಸಾಮಾನಿನ ವಿಷಯ ಪೊಲೀಸ್ರಿಗೆ ಹೇಳ್ತೀನಿ."

"ಇದು ಸರಿಯಲ್ಲ!" ಎಂದು ಸ್ಪ್ರೆಖರ್ ಹೌಹಾರಿದರು. "ಇವರು ಪ್ರಯಾಣಿಕರಲ್ಲ, ಕಾರಿನ ಮಾಲೀಕರು!"

"ನಿಮ್ಮ ನಮೂನೆಯಲ್ಲಿ ಏನು ಬರೆದಿದೆ ಓದಿ ಸಾಹೇಬ್ರೇ."

ಸ್ಪ್ರೆಖರ್ ಓದಿದರು. ಇನ್ನೊಮ್ಮೆ ಓದಿದರು. ಹತ್ತಿದವರ ಸಂಖ್ಯೆ ಎಂದಿತ್ತು, ಯಾಕೆ ಹತ್ತಿದರು ಎಂಬುದಕ್ಕೆ ಅಂಕಣ ಇರಲಿಲ್ಲ. ನಾವು ಹತ್ತಿದೆವು. ಕೂರಲು ಹತ್ತೊಂಬತ್ತು ಸೀಟು. ಉಳಿದವರು ಒಬ್ಬರ ಕಾಲ ಮೇಲೆ ಒಬ್ಬರು ನಿಂತೆವು. ಗೀಟು ಹಾಕುತ್ತಾ ಹಾಕುತ್ತಾ ಸಾಹೇಬರು ಕಾಗದದ ಅಂಚಿಗೆ ಬಂದರು. "ಇಪ್ಪತ್ತಾರು" ಎಂದರು. "ಒಂಬತ್ತು ಜನರ ಊರಲ್ಲಿ ಇಪ್ಪತ್ತಾರು! ಮೇಲಿನವರಿಗೆ ನಾನು ಏನಂತ ಹೇಳಲಿ!"

"ಊರು ಬೆಳೀತಿದೆ ಅಂತ ಹೇಳಿ" ಎಂದಳು ಬಾರ್ಲಾ ಅಜ್ಜಿ. ಬಸ್ಸು ನಕ್ಕ ಸದ್ದಿಗೆ ತುತ್ತೂರಿ ಕೇಳಿಸಲಿಲ್ಲ.

ಬಸ್ಸು ಉಳಿಯಿತು. ಉಳಿದ ಏಳು ಕಾರುಗಳನ್ನು ಮಾಲೀಕರು ಮಧ್ಯಾಹ್ನ ಹೇಗೋ ಕೆಳಗಿಳಿಸಿಕೊಂಡರು. ಭಾವ ಮಾತ್ರ ಓಪೆಲ್ಲಿನ ಬಾಗಿಲು ಮುಟ್ಟಿ ನೋಡಿ, ಬಲಗಡೆ ನೋಡಿ, ಕೀಲಿಯನ್ನು ಅಜ್ಜಿಯ ಅಂಗೈಯಲ್ಲಿಟ್ಟು, ರೈಲಿನಲ್ಲಿ ಊರಿಗೆ ಬಂದ. ತುತ್ತೂರಿಯನ್ನು ಮಾತ್ರ ಮೆಂಗಿಯಾ ಕಣ್ಣೆದುರೇ ಬಿಚ್ಚಿಸಿ ಅಕ್ಕನ ಕೈಗೆ ಕೊಟ್ಟಿದ್ದಳು, ಬಚ್ಚಿಡಿ ಎಂದು.

ಎಣಿಕೆ ಪ್ರತಿವರ್ಷವೂ ಇರುತ್ತದೆ. ಹಾಗಾಗಿ ನಮ್ಮ ಹಳೆ ಕಾರುಗಳ ಸಂಘದ ವಾರ್ಷಿಕ ಪ್ರವಾಸ ಈಗ ಬಸ್ಸಿನಲ್ಲಿ ನಡೆಯುತ್ತದೆ. ಮುಂದಾಳು ಎಮಿಲ್ ಭಾವನೇ. ಕಣ್ಣು ಮುಚ್ಚಿಕೊಂಡು ನಡುಸೀಟಿನಲ್ಲಿ ಕೂರುವ ಮುಂದಾಳು. ಈ ವರ್ಷ ನಾವು ಹದಿನೇಳೂ ಜನ ಪ್ರಾದಾದಲ್ಲಿ ಮೆಂಗಿಯಾಳ ಬಸ್ಸು ಹತ್ತಿ ಸೂರ್‌ಕ್ರೆಸ್ಟಾ ಕಡೆ ಹೊರಟೆವು, ಅಲ್ಲಿಳಿದು ಎಣಿಕೆಗೆ ಮತ್ತೆ ಹತ್ತಲು. ಸ್ಪ್ರೆಖರ್ ಸಾಹೇಬರು ಪಕ್ಕದಲ್ಲೇ ಇದ್ದರು, ಕೋಟು ಹಳೆಯದಾಗಿತ್ತು. ನಾಲ್ಕನೇ ತಿರುವಿನಲ್ಲಿ ಮೆಂಗಿಯಾ ಊದಿದಳು.

ಮೇಲಿನಿಂದ ಉತ್ತರ ಬಂತು. ತೂ-ತಾ-ತೋ!

ಮೆಂಗಿಯಾ ಬಿಳಿಚಿಕೊಂಡಳು. ಭಾವ ಕಣ್ಣು ತೆರೆದ. ನಾವೆಲ್ಲ ಎದ್ದು ನಿಂತೆವು. ತಿರುವಿನಿಂದ ಹಳದಿ ಓಪೆಲ್ ಬಂತು, ರಸ್ತೆಯ ನಟ್ಟನಡುವೆ, ಮುಂದೆ ಹಿತ್ತಾಳೆಯ ಮೂರು ಕೊಳವೆ ಫಳಫಳ ಹೊಳೆಯುತ್ತಾ. ಬಸ್ಸಿಗೆ ಒಂದು ಮೊಳ ಬಿಟ್ಟು ನಿಂತಿತು. ಕಿಟಕಿಯಿಂದ ಬಾರ್ಲಾ ಅಜ್ಜಿಯ ತಲೆ ಹೊರಬಂತು.

"ಅಜ್ಜೀ! ಎಣಿಕೆ ದಿನ ನೀವೇ ಬಸ್ಸಿಗೆ ಬರದೆ..." ಎಂದು ಮೆಂಗಿಯಾ ಕಿರುಚಿದಳು.

"ಅವರು ಹದಿನೇಳು ಜನ ಬಂದಿದಾರಲ್ಲ, ನಾನ್ಯಾಕೆ?" ಎಂದಳು ಅಜ್ಜಿ. "ಎಂಟು ವರ್ಷ ಆ ಕಾಫಿ ಕುಡಿದಿದ್ದು ಸಾಕು. ಇವತ್ತು ಸಮುದ್ರ ನೋಡೋಕೆ ಹೊರಟಿದೀನಿ."

"ಆ ತುತ್ತೂರಿ ಅವರಿಗೆ ಯಾರು ಕೊಟ್ರು?" ಎಂದು ಭಾವ ಗೊಗ್ಗರು ದನಿಯಲ್ಲಿ ಕೇಳಿದ. ಅಕ್ಕ ಮೊಟ್ಟೆ ಸುಲಿಯುವುದರಲ್ಲಿ ತುಂಬಾ ತೊಡಗಿದ್ದಳು.

ಅಜ್ಜಿ ಮತ್ತೊಮ್ಮೆ ಊದಿ, ಕೈ ಹೊರಗೆ ಹಾಕಿ ಬೀಸಿದಳು.

"ಏ ಮೆಂಗಿಯಾ, ನೋಡ್ತಾ ಏನು ಕೂತಿದೀಯ? ಹಿಂದಕ್ಕೆ ತಗೋ!"

ಮೆಂಗಿಯಾ ಒಂದು ಗಳಿಗೆ ಕಾನೂನನ್ನು ನೆನೆದಳು. ಆಮೇಲೆ ಗೇರು ಬದಲಿಸಿ ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡಳು.